ಲಕ್ಷ್ಮಣರಾವ್ ಕಿರ್ಲೋಸ್ಕರ್

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ (20 ಜೂನ್ 1869 – 26 ಸೆಪ್ಟೆಂಬರ್ 1956) ಭಾರತದ ಉದ್ಯಮಿ ಹಾಗೂ ಕಿರ್ಲೋಸ್ಕರ್ ಉದ್ಯಮ ಸಮೂಹದ ಸ್ಥಾಪಕರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ವ್ಯವಹಾರ ಆರಂಭಿಸಿದ ಅವರು, ಕೈಯಿಂದ ನಡೆಸುವ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿ ದಕ್ಷಿಣ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ರೈತರಿಗೆ ಪರಿಚಯಿಸಿದರು. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಎಂಬ ಕೈಗಾರಿಕಾ ಊರನ್ನು ಸ್ಥಾಪಿಸಿದರು. ಯಂತ್ರವನ್ನು ಕೊಂಡವನೇ ಅದನ್ನು ಬಿಚ್ಚಿ, ಅಲಗು ಮಸೆದು, ಸವೆದ ಭಾಗವನ್ನು ಬದಲಾಯಿಸಿಕೊಳ್ಳುವ ಬಗೆಯ ಕೃಷಿ ಉಪಕರಣಗಳನ್ನು ಈ ಭಾಗದಲ್ಲಿ ರೂಢಿಗೆ ತಂದವರಲ್ಲಿ ಅವರು ಪ್ರಮುಖರು.

ಜನನ ಮತ್ತು ಶಿಕ್ಷಣ

ಲಕ್ಷ್ಮಣರಾವ್ ಅವರು ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಆಗ ಈ ಪ್ರದೇಶವು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರ ಜನ್ಮಸ್ಥಳವೂ ಇದೇ ಗ್ರಾಮ. ತಂದೆ ಕಾಶೀನಾಥಪಂತರು ವೇದಾಂತ ಪಂಡಿತರಾಗಿದ್ದರು. ಮಗನೂ ಅದೇ ದಾರಿಯಲ್ಲಿ ನಡೆಯಬೇಕೆಂಬ ನಿರೀಕ್ಷೆ ಮನೆಯಲ್ಲಿತ್ತು. ಆದರೆ ಲಕ್ಷ್ಮಣರಾವ್ ಅವರ ಒಲವು ಚಿತ್ರಕಲೆ ಮತ್ತು ಯಂತ್ರಗಳ ಕಡೆಗಿತ್ತು.

ಹಿರಿಯ ಸಹೋದರ ರಾಮುಅಣ್ಣಾ ಅವರ ನೆರವಿನಿಂದ 1885ರಲ್ಲಿ ಅವರು ಮುಂಬಯಿಯ ಜೆ. ಜೆ. ಕಲಾ ಶಾಲೆಯನ್ನು ಸೇರಿದರು. ಸ್ವಲ್ಪ ಕಾಲದಲ್ಲಿಯೇ ತಮಗೆ ಭಾಗಶಃ ವರ್ಣಾಂಧತೆ ಇರುವುದು ಅವರಿಗೆ ತಿಳಿಯಿತು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದವನಿಗೆ ಚಿತ್ರಕಾರನ ವೃತ್ತಿ ಸಾಧ್ಯವಿರಲಿಲ್ಲ. ಅವರು ಚಿತ್ರಕಲೆಯನ್ನು ಕೈಬಿಟ್ಟರೂ ರೇಖೆಯನ್ನು ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಅಧ್ಯಾಪಕರಾದರು. ಸಂಸ್ಥೆಯ ಕಾರ್ಯಾಗಾರದಲ್ಲಿ ಬಿಡುವಿನ ವೇಳೆಯನ್ನು ಕಳೆಯುತ್ತ ಯಂತ್ರಗಳನ್ನು ಬಿಚ್ಚುವುದು, ಜೋಡಿಸುವುದು, ದುರಸ್ತಿ ಮಾಡುವುದು ಇವುಗಳಲ್ಲಿ ಪರಿಣತಿ ಪಡೆದರು.

ಬೆಳಗಾವಿಯ ಸೈಕಲ್ ಅಂಗಡಿ

ಆ ಕಾಲದಲ್ಲಿ ಸೈಕಲ್ ಭಾರತಕ್ಕೆ ಹೊಸದು. ಕಿರ್ಲೋಸ್ಕರ್ ಸಹೋದರರು ಬೆಳಗಾವಿಯಲ್ಲಿ ಸೈಕಲ್‌ಗಳ ಮಾರಾಟ ಮತ್ತು ದುರಸ್ತಿಯ ಅಂಗಡಿಯನ್ನು ತೆರೆದರು. ಕಿರ್ಲೋಸ್ಕರ್ ಸಮೂಹವು 1888ನೆಯ ವರ್ಷವನ್ನೇ ತನ್ನ ಸ್ಥಾಪನೆಯ ವರ್ಷವೆಂದು ಪರಿಗಣಿಸುತ್ತದೆ. ಮುಂಬಯಿಯಲ್ಲಿ ತಮಗೆ ಬರಬೇಕಾಗಿದ್ದ ಬಡ್ತಿಯು ಆಂಗ್ಲೋ ಇಂಡಿಯನ್ ಒಬ್ಬರಿಗೆ ದೊರೆತಾಗ ಲಕ್ಷ್ಮಣರಾವ್ ನೌಕರಿಯನ್ನು ತೊರೆದು ಬೆಳಗಾವಿಗೆ ಬಂದು ಪೂರ್ಣಾವಧಿಯಾಗಿ ಉದ್ಯಮಕ್ಕಿಳಿದರು. ಬೆಳಗಾವಿ ನಗರದಲ್ಲಿ ಅವರ ಹೆಸರನ್ನು ನೆನಪಿಸುವ ಕಿರ್ಲೋಸ್ಕರ್ ರಸ್ತೆ ಇಂದಿಗೂ ಇದೆ.

ಮೇವು ಕತ್ತರಿಸುವ ಯಂತ್ರ

ಬೆಳಗಾವಿಯ ಸಣ್ಣ ಕಾರ್ಯಾಗಾರದಲ್ಲಿ ತಯಾರಾದ ಮೊದಲ ಕೃಷಿ ಉಪಕರಣಗಳಲ್ಲಿ ಮೇವು ಕತ್ತರಿಸುವ ಯಂತ್ರವು ಮುಖ್ಯವಾದುದು. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ದನಗಳ ಮುಖ್ಯ ಆಹಾರ ಜೋಳದ ಕಣಿಕೆ. ಇಡಿಯಾಗಿ ಹಾಕಿದ ಕಣಿಕೆಯಲ್ಲಿ ದನಗಳು ಎಲೆಯನ್ನೂ ಎಳೆಯ ತುದಿಯನ್ನೂ ತಿಂದು ದಪ್ಪ ದಂಟನ್ನು ಗೋದಲಿಯಲ್ಲಿಯೇ ಬಿಡುತ್ತವೆ. ಸಣ್ಣಗೆ ಕತ್ತರಿಸಿ ಹಾಕಿದರೆ ದಂಟೂ ಹೊಟ್ಟೆಗೆ ಸೇರುತ್ತದೆ. ಬರಗಾಲದಲ್ಲಿ ಈ ವ್ಯತ್ಯಾಸವು ಎತ್ತುಗಳ ಅಳಿವು ಉಳಿವಿನ ಪ್ರಶ್ನೆಯಾಗುತ್ತಿತ್ತು.

ಇಂತಹ ಯಂತ್ರದ ರಚನೆ ಸರಳ. ಕೈಹಿಡಿಯುಳ್ಳ ಭಾರವಾದ ಚಕ್ರದ ಕಡ್ಡಿಗಳಿಗೆ ಸಾಮಾನ್ಯವಾಗಿ ಎರಡು ಬಾಗಿದ ಅಲಗುಗಳನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ತೊಟ್ಟಿಯಲ್ಲಿಟ್ಟ ಮೇವನ್ನು ಹಲ್ಲುಗಳುಳ್ಳ ಎರಡು ಉರುಳೆಗಳು ಒಳಗೆಳೆದು ಅಲಗಿನ ಬಾಯಿಗೆ ನೀಡುತ್ತವೆ. ಚಕ್ರವು ಒಮ್ಮೆ ವೇಗ ಪಡೆದರೆ ಅದರ ಭಾರವೇ ಕತ್ತರಿಸುವ ಕೆಲಸದ ಬಹುಭಾಗವನ್ನು ಮಾಡುತ್ತದೆ. ಉರುಳೆಗಳನ್ನು ತಿರುಗಿಸುವ ಹಲ್ಲುಗಾಲಿಗಳನ್ನು ಬದಲಿಸಿದರೆ ತುಂಡಿನ ಉದ್ದವೂ ಬದಲಾಗುತ್ತದೆ.

ಈ ಯಂತ್ರದ ಉಪಯೋಗವೆಲ್ಲ ಅದರ ನಿರ್ವಹಣೆಯನ್ನು ಅವಲಂಬಿಸಿದೆ. ಅಲಗು ಮೊಂಡಾದರೆ ಮೇವು ಕತ್ತರಿಸುವ ಬದಲು ಮಡಚಿಕೊಂಡು ಸಿಕ್ಕುತ್ತದೆ, ತಿರುಗಿಸುವವನ ತೋಳು ಸೋಲುತ್ತದೆ. ಅಲಗನ್ನು ಇಳಿಜಾರು ಇರುವ ಮುಖದಲ್ಲಿ ಮಾತ್ರ ಅರದಿಂದ ಅಥವಾ ಸಾಣೆಕಲ್ಲಿನಿಂದ ಮಸೆಯಬೇಕು. ಚಪ್ಪಟೆ ಮುಖವನ್ನು ಮಸೆದರೆ ಅಲಗಿಗೂ ಬಾಯಿಯ ಪಟ್ಟಿಗೂ ನಡುವೆ ಸಂದು ಉಂಟಾಗುತ್ತದೆ. ಎರಡೂ ಅಲಗುಗಳನ್ನು ಸಮನಾಗಿ ಮಸೆಯದಿದ್ದರೆ ಚಕ್ರದ ಸಮತೋಲ ತಪ್ಪುತ್ತದೆ. ಬೋಲ್ಟುಗಳ ಬಿಗುವನ್ನು ಆಗಾಗ ಪರೀಕ್ಷಿಸಿ, ತಿರುಗುವ ಭಾಗಗಳಿಗೆ ಎಣ್ಣೆ ಹಾಕುತ್ತಿರಬೇಕು. ಕೈ ಉರುಳೆಗೆ ಸಿಲುಕುವ ಅಪಾಯವಿರುವುದರಿಂದ, ಕೆಲಸವಿಲ್ಲದ ವೇಳೆ ಚಕ್ರವನ್ನು ಕೀಲು ಹಾಕಿ ನಿಲ್ಲಿಸುವುದು ಅವಶ್ಯ. ಇವೆಲ್ಲವೂ ರೈತನು ತನ್ನ ಅಂಗಳದಲ್ಲಿಯೇ ಮಾಡಿಕೊಳ್ಳಬಹುದಾದ ಕೆಲಸಗಳು. ಮುಂದೆ ವಿದ್ಯುತ್ತು ಬಂದಾಗ ಅನೇಕರು ಕೈಹಿಡಿಯನ್ನು ತೆಗೆದು, ರಾಟೆ ಮತ್ತು ಬೆಲ್ಟಿನ ಮೂಲಕ ಇಂತಹ ಯಂತ್ರಗಳಿಗೆ ಮೋಟಾರನ್ನು ಅಳವಡಿಸಿಕೊಂಡರು.

ಕಬ್ಬಿಣದ ನೇಗಿಲು

1903ರಲ್ಲಿ ಲಕ್ಷ್ಮಣರಾವ್ ಕಬ್ಬಿಣದ ನೇಗಿಲನ್ನು ತಯಾರಿಸಿದರು. ಇದು ಭಾರತದಲ್ಲಿಯೇ ತಯಾರಾದ ಮೊದಲ ಕಬ್ಬಿಣದ ನೇಗಿಲುಗಳಲ್ಲಿ ಒಂದು. ಮರದ ನೇಗಿಲು ಮಣ್ಣನ್ನು ಸೀಳುತ್ತದೆಯೇ ಹೊರತು ಮಗುಚುವುದಿಲ್ಲ. ಕಬ್ಬಿಣದ ನೇಗಿಲಿನ ಬಾಗಿದ ರೆಕ್ಕೆಯು ಮಣ್ಣಿನ ಹೆಂಟೆಯನ್ನು ಎತ್ತಿ ಮಗುಚುವುದರಿಂದ ಎರೆಭೂಮಿಯಲ್ಲಿ ಆಳಕ್ಕಿಳಿದ ಕರಿಕೆಯಂತಹ ಕಳೆಗಳ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ.

ಆದರೂ ರೈತರು ಅದನ್ನು ಕೊಳ್ಳಲು ಮುಂದಾಗಲಿಲ್ಲ. ಕಬ್ಬಿಣವು ಭೂಮಿಗೆ ವಿಷವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿತ್ತು. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ಈ ಹಿಂಜರಿಕೆಯನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಹಳ್ಳಿಯಲ್ಲಿ ಮರದ ನೇಗಿಲನ್ನು ಬಡಿಗನು ಮಾಡಿಕೊಡುತ್ತಿದ್ದನು, ಕುಳವನ್ನು ಕಮ್ಮಾರನು ಹದಗೊಳಿಸಿಕೊಡುತ್ತಿದ್ದನು. ಅವರಿಬ್ಬರಿಗೂ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯ ಸಲ್ಲುತ್ತಿತ್ತು. ಈಸು ಮುರಿದರೆ ಊರ ಸುತ್ತಲಿನ ಜಾಲಿಯ ಮರದಿಂದಲೇ ಹೊಸದು ಸಿದ್ಧವಾಗುತ್ತಿತ್ತು. ಕಬ್ಬಿಣದ ನೇಗಿಲಿಗಾದರೋ ರೊಕ್ಕ ಕೊಡಬೇಕು, ಅದನ್ನು ಎಳೆಯಲು ಹೆಚ್ಚು ಎತ್ತುಗಳು ಬೇಕು. ಎರಕದ ಕಬ್ಬಿಣವು ಕಮ್ಮಾರನ ಸುತ್ತಿಗೆಗೆ ಬಗ್ಗದೆ ಒಡೆಯುತ್ತದೆ. ಬಿತ್ತನೆಯ ಹದದಲ್ಲಿ ನೇಗಿಲು ಮುರಿದು ಮೂಲೆ ಸೇರಿದರೆ ಆ ವರ್ಷದ ಬೆಳೆಗೇ ಸಂಚಕಾರ.

ಆದ್ದರಿಂದ ನೇಗಿಲಿನ ಗುಣದಷ್ಟೇ ಅದರ ಬಿಡಿಭಾಗಗಳ ಲಭ್ಯತೆಯೂ ಮುಖ್ಯವಾಗಿತ್ತು. ಮಣ್ಣಿನೊಡನೆ ಸದಾ ಉಜ್ಜುವ ಕುಳವು ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಅದನ್ನು ಪ್ರತ್ಯೇಕ ಭಾಗವಾಗಿ ಎರಕ ಹೊಯ್ದು ಬೋಲ್ಟಿನಿಂದ ಜೋಡಿಸಿದರೆ, ಹಳೆಯ ನೇಗಿಲಿಗೆ ಹೊಸ ಕುಳವನ್ನು ರೈತನೇ ಹಾಕಿಕೊಳ್ಳಬಹುದು. ಇದಕ್ಕೆ ಪ್ರತಿಯೊಂದು ಕುಳವೂ, ಪ್ರತಿಯೊಂದು ರಂಧ್ರವೂ ಒಂದೇ ಅಳತೆಯಲ್ಲಿರಬೇಕು. ಯಂತ್ರನಕ್ಷೆಯ ಅಧ್ಯಾಪಕರಾಗಿದ್ದ ಲಕ್ಷ್ಮಣರಾವ್ ಅವರಿಗೆ ಈ ಶಿಸ್ತು ಮೊದಲೇ ಕರಗತವಾಗಿತ್ತು. ಕಾಲಕ್ರಮೇಣ ಈ ಭಾಗದ ಹಳ್ಳಿಗಳಲ್ಲಿ ಕಬ್ಬಿಣದ ರಂಟೆಯೆಂದರೆ ಕಿರ್ಲೋಸ್ಕರ್ ಎನ್ನುವಷ್ಟು ಈ ಹೆಸರು ಮನೆಮಾತಾಯಿತು.

ಕಿರ್ಲೋಸ್ಕರವಾಡಿ

ಹೊಸ ಬಡಾವಣೆಗಾಗಿ ಕಾರ್ಯಾಗಾರದ ಸ್ಥಳವನ್ನು ತೆರವುಗೊಳಿಸಬೇಕೆಂದು ಬೆಳಗಾವಿಯ ನಗರಾಡಳಿತವು ಸೂಚಿಸಿದಾಗ ಉದ್ಯಮವು ನೆಲೆ ಕಳೆದುಕೊಂಡಿತು. ಆಗ ಔಂಧ್ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ್ ರೋಡ್ ರೈಲು ನಿಲ್ದಾಣದ ಸಮೀಪ ಜಮೀನನ್ನೂ ಸಾಲವನ್ನೂ ನೀಡಿದರು. 1910ರ ಮಾರ್ಚ್ 10ರಂದು ಅಲ್ಲಿ ಹೊಸ ಊರಿನ ಸ್ಥಾಪನೆಯಾಯಿತು. ಪಾಪಾಸುಕಳ್ಳಿ ಬೆಳೆದು ಹಾವುಗಳು ತುಂಬಿದ್ದ ಆ ಬಂಜರು ನೆಲವನ್ನು ಲಕ್ಷ್ಮಣರಾವ್, ರಾಮುಅಣ್ಣಾ ಮತ್ತು ಕೆಲವೇ ಕಾರ್ಮಿಕರು ಸೇರಿ ಹಸನು ಮಾಡಿದರು. ಶಂಭೋರಾವ್ ಜಾಂಭೇಕರ್ ಮೊದಲಾದವರು ಅವರ ಆರಂಭದ ಸಹೋದ್ಯೋಗಿಗಳು. ಮುಂದೆ ರೈಲು ನಿಲ್ದಾಣಕ್ಕೂ ಕಿರ್ಲೋಸ್ಕರವಾಡಿ ಎಂಬ ಹೆಸರು ಬಂದಿತು. ಈ ಊರು ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ.

ಊರಿನಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಲಕ್ಷ್ಮಣರಾವ್ ಅವಕಾಶ ನೀಡಲಿಲ್ಲ. ಶಿಕ್ಷೆ ಅನುಭವಿಸಿ ಬಂದವರನ್ನೂ ಕಾವಲುಗಾರರನ್ನಾಗಿ ನೇಮಿಸಿಕೊಂಡರು.

ಮೊದಲ ಮಹಾಯುದ್ಧದ ಕಾಲದಲ್ಲಿ (1914–1918) ಕಬ್ಬಿಣದ ಆಮದು ಕುಸಿಯಿತು. ಆಗ ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದ ಹಳೆಯ ಫಿರಂಗಿಗಳನ್ನು ಒದಗಿಸಿದರು. ಅವುಗಳನ್ನು ಕರಗಿಸಿ ನೇಗಿಲುಗಳನ್ನು ಎರಕ ಹೊಯ್ಯಲಾಯಿತು. 1920ರಲ್ಲಿ ಉದ್ಯಮವು ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಎಂಬ ಕಂಪನಿಯಾಯಿತು. 1926ರಲ್ಲಿ ನೀರೆತ್ತುವ ಪಂಪುಗಳ ತಯಾರಿಕೆ ಆರಂಭವಾಯಿತು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರಗಳೂ ಇಲ್ಲಿ ತಯಾರಾದವು.

ಕರ್ನಾಟಕದಲ್ಲಿ ವಿಸ್ತರಣೆ

1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರಾ ನದಿಯ ತೀರದಲ್ಲಿ, ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಇಲ್ಲಿ ಲೇತ್ ಯಂತ್ರಗಳು ತಯಾರಾಗುತ್ತಿದ್ದವು. ದುರಸ್ತಿಗೆ ಬೇಕಾದ ಭಾಗಗಳನ್ನು ಕಡೆದು ಕೊಡುವ ಸಾಮಾನ್ಯ ಕಾರ್ಯಾಗಾರಗಳಿಗೆ ಲೇತ್ ಯಂತ್ರವೇ ಆಧಾರ. ಹಲವು ದಶಕಗಳ ಕಾಲ ಹರಿಹರದ ಜೀವನಾಡಿಯಾಗಿದ್ದ ಈ ಕಾರ್ಖಾನೆಯು 2000ದ ದಶಕದ ಆರಂಭದ ಹೊತ್ತಿಗೆ ಮುಚ್ಚಿಹೋಗಿ, ನೂರಾರು ಕುಟುಂಬಗಳು ಸಂಕಷ್ಟಕ್ಕೊಳಗಾದವು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಆರಂಭವಾದವು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿಯೂ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಘಟಕವಿದೆ. ಲಕ್ಷ್ಮಣರಾವ್ ಅವರ ಪುತ್ರ, ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪದವೀಧರ ಶಂತನುರಾವ್ ಕಿರ್ಲೋಸ್ಕರ್ (1903–1994) ಸಮೂಹವನ್ನು ಮುಂದೆ ದೊಡ್ಡ ಪ್ರಮಾಣದಲ್ಲಿ ಬೆಳೆಸಿದರು.

ನಿಧನ ಮತ್ತು ಸ್ಮರಣೆ

ಲಕ್ಷ್ಮಣರಾವ್ ಕಿರ್ಲೋಸ್ಕರ್ 1956ರ ಸೆಪ್ಟೆಂಬರ್ 26ರಂದು ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಜನ್ಮ ಶತಮಾನೋತ್ಸವದ ಅಂಗವಾಗಿ ಭಾರತೀಯ ಅಂಚೆ ಇಲಾಖೆಯು 1969ರ ಜೂನ್ 20ರಂದು ಅವರ ಸ್ಮಾರಕ ಅಂಚೆಚೀಟಿಯನ್ನು ಹೊರತಂದಿತು. ಟ್ರ್ಯಾಕ್ಟರ್‌ಗಳು ಬಂದ ಮೇಲೆ ಎತ್ತುಗಳು ಎಳೆಯುವ ಕಬ್ಬಿಣದ ನೇಗಿಲಿನ ಬಳಕೆ ಕಡಿಮೆಯಾಗಿದೆ. ಮೇವು ಕತ್ತರಿಸುವ ಯಂತ್ರವು ಮಾತ್ರ ಕೈಚಕ್ರದ ರೂಪದಲ್ಲಿಯೂ ಮೋಟಾರಿನ ರೂಪದಲ್ಲಿಯೂ ಹೈನುಗಾರರ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.