ಗಗನಗಾಮಿನಿ ಅಮೀಲಿಯಾ ಇಯರ್‌ಹಾರ್ಟ್

ಅಟ್ಲಾಂಟಿಕ್ ಮಹಾಸಾಗರವನ್ನು ವಿಮಾನದಲ್ಲಿ ಏಕಾಕಿನಿಯಾಗಿ ದಾಟಿದ ಪ್ರಥಮ ಮಹಿಳೆಯೆಂದು ಅಮೀಲಿಯಾ ಇಯರ್‌ಹಾರ್ಟಳ ಹೆಸರು ಲೋಕವಿಖ್ಯಾತವಾಗಿದೆ. ಆದರೆ ಆ ಕೀರ್ತಿಯು ಬರುವುದಕ್ಕೆ ಮೊದಲು ಆಕೆಯು ಬಡಮಕ್ಕಳ ನಡುವೆ ಸೇವೆಗೈಯುತ್ತಿದ್ದಳೆಂಬುದನ್ನು ಬಲ್ಲವರು ವಿರಳ. ನಮ್ಮ ಪೂರ್ವವಿದ್ಯಾರ್ಥಿನಿಯರೂ ಪೋಷಕರೂ ಮನನ ಮಾಡತಕ್ಕುದು ಆ ಭಾಗವನ್ನೇ.

ಆಕೆಯು 1897ನೆಯ ಇಸವಿ ಜುಲೈ 24ರಂದು ಅಮೆರಿಕದ ಕನ್ಸಾಸ್ ಸಂಸ್ಥಾನದ ಅಚಿಸನ್ ಎಂಬ ಊರಿನಲ್ಲಿ ಜನಿಸಿದಳು. ಗಂಡಸರಿಗೇ ಮೀಸಲೆನಿಸಿದ್ದ ಉದ್ಯೋಗಗಳಲ್ಲಿ ಮುಂದೆ ಬಂದ ಸ್ತ್ರೀಯರ ಸಮಾಚಾರಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಪುಸ್ತಕದಲ್ಲಿ ಅಂಟಿಸಿಡುವುದು ಆಕೆಯ ಅಭ್ಯಾಸವಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಗಾಯಗೊಂಡ ಸೈನಿಕರನ್ನು ಕಂಡು ಮನಕರಗಿ, ಅಲ್ಲಿಯ ಆಸ್ಪತ್ರೆಯಲ್ಲಿ ಶುಶ್ರೂಷೆಗೆ ನಿಂತಳು.

1920ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಬಾರಿಗೆ ಆಕಾಶವನ್ನೇರಿದುದು ಆಕೆಯ ಜೀವನದ ದಿಕ್ಕನ್ನೇ ತಿರುಗಿಸಿತು. ಮರುವರ್ಷ ನೀಟಾ ಸ್ನೂಕ್ ಎಂಬ ಮಹಿಳೆಯಲ್ಲಿ ವಿಮಾನವಿದ್ಯೆಯನ್ನು ಕಲಿಯತೊಡಗಿ, ಟೆಲಿಫೋನ್ ಕಚೇರಿ ಮೊದಲಾದೆಡೆಗಳಲ್ಲಿ ದುಡಿದು ಖರ್ಚನ್ನು ನಿರ್ವಹಿಸಿದಳು. ತಾಯಿಯೂ ಹಣದ ನೆರವಿತ್ತುದರಿಂದ ಹಳದಿ ಬಣ್ಣದ ಚಿಕ್ಕ ವಿಮಾನವೊಂದು ಆಕೆಯದಾಯಿತು. ಆದರೆ ಮನೆಯ ಆರ್ಥಿಕ ಸ್ಥಿತಿ ಇಳಿಮುಖವಾಗಲು 1924ರಲ್ಲಿ ಅದನ್ನು ಮಾರಬೇಕಾಯಿತು.

ಅನಂತರ ಆಕೆಯು ಬೋಸ್ಟನ್ ನಗರದ ಡೆನಿಸನ್ ಹೌಸ್ ಎಂಬ ಸೇವಾಗೃಹವನ್ನು ಸೇರಿದಳು. ಹೊರದೇಶಗಳಿಂದ ಬಂದು ನೆಲಸಿದ ಬಡಕುಟುಂಬಗಳಿಗಾಗಿ, ವಿದ್ಯಾವಂತ ಮಹಿಳೆಯರು 1892ರಲ್ಲಿ ತೆರೆದ ಸಂಸ್ಥೆಯದು. ಅಲ್ಲಿ ಚೀನ, ಸಿರಿಯ ಮುಂತಾದ ದೇಶದವರ ಮಕ್ಕಳನ್ನು ಆಡಿಸುತ್ತ, ಹಿರಿಯರಿಗೆ ಇಂಗ್ಲಿಷ್ ಕಲಿಸುತ್ತ, ಬಿಡುವಿನ ವೇಳೆಯಲ್ಲಿ ವೈಮಾನಿಕಾಸಕ್ತರ ಸಂಘದೊಡನೆ ಬೆರೆಯುತ್ತಿದ್ದಳು. 1927ರಲ್ಲಿ ಸೇವಾಗೃಹದ ಸಹಾಯಾರ್ಥ ಉತ್ಸವವು ನಡೆದಾಗ, ವಿಮಾನದಿಂದ ಬೋಸ್ಟನ್ನಿನ ಮೇಲೆ ಕರಪತ್ರಗಳನ್ನು ಚೆಲ್ಲಿದಳು. ಹವ್ಯಾಸವೂ ಸೇವೆಯೂ ಅಂದು ಒಂದಾದವು.

1928ರಲ್ಲಿ ಅಟ್ಲಾಂಟಿಕ್ ಯಾನಕ್ಕೆ ಕರೆ ಬಂದಾಗಲೂ ಆಕೆಯು ಆ ಮಕ್ಕಳ ಕೆಲಸದಲ್ಲಿಯೇ ಇದ್ದಳು. ಆ ಯಾನದಲ್ಲಿ ವಿಮಾನವನ್ನು ನಡೆಸಿದವರು ಬೇರೆಯವರಾದುದರಿಂದ, ಜನರ ಹೊಗಳಿಕೆಯು ತನಗೆ ಸಲ್ಲದೆಂದಳು. 1932ರ ಮೇ 20ರಂದು ಒಬ್ಬಳೇ ಹೊರಟು, ರೆಕ್ಕೆಗಳ ಮೇಲೆ ಹಿಮಗಟ್ಟಿದರೂ ಎದೆಗುಂದದೆ, ಸುಮಾರು 15 ಗಂಟೆಗಳ ತರುವಾಯ ಐರ್ಲೆಂಡಿನ ಹುಲ್ಲುಗಾವಲೊಂದರಲ್ಲಿ ಇಳಿದಳು. 1935ರಿಂದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರಿಗೆ ಉದ್ಯೋಗಗಳ ವಿಷಯದಲ್ಲಿ ಸಲಹೆ ನೀಡುತ್ತಿದ್ದಳು. 1937ರ ಜೂನ್ ತಿಂಗಳಲ್ಲಿ ಭೂಪ್ರದಕ್ಷಿಣೆಯ ಮಾರ್ಗದಲ್ಲಿ ಕರಾಚಿ, ಕಲ್ಕತ್ತೆಗಳಲ್ಲಿಯೂ ತಂಗಿದ್ದಳು. ಜುಲೈ 2ರಂದು ಪೆಸಿಫಿಕ್ ಸಾಗರದ ಮೇಲೆ, ಸಹಯಾತ್ರಿಯಾದ ಫ್ರೆಡ್ ನೂನನ್ನನೊಡನೆ ಕಣ್ಮರೆಯಾದಳು.

ಮಲ್ಲಾಪುರದ ನಮ್ಮ ಬಾಲಿಕೆಯರು ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ನೌಕಾದಳದ ನಿವೃತ್ತ ವಿಮಾನವನ್ನು ಕಣ್ತುಂಬ ನೋಡಿ ಬರುತ್ತಾರೆ. ಅಷ್ಟು ಭಾರದ ಯಂತ್ರವು ಹೇಗೆ ಹಾರುತ್ತಿತ್ತೆಂದು ಕೇಳುವವರಿಗೆ ತಿಳಿಸಿ ಹೇಳುವವರು ಬೇಕು. ಕೈಗಾ ಸ್ಥಾವರದಲ್ಲಿ ದುಡಿಯುವ ಪೋಷಕರಲ್ಲಿ ಯಂತ್ರವಿದ್ಯೆಯನ್ನು ಬಲ್ಲವರುಂಟು. ಪೂರ್ವವಿದ್ಯಾರ್ಥಿನಿಯರಲ್ಲಿ ವಿಜ್ಞಾನವನ್ನು ಓದಿದವರುಂಟು. ಇಂಥವರು ಮಾದರಿ ವಿಮಾನ ಕಟ್ಟುವ ಹವ್ಯಾಸಿಗಳನ್ನು ಜೊತೆಗೂಡಿಸಿಕೊಂಡು, ತಿಂಗಳಿಗೊಂದು ಶನಿವಾರವನ್ನು ಈ ಮಕ್ಕಳಿಗಾಗಿ ಮೀಸಲಿಟ್ಟರೆ ಉಪಕಾರವು ದೊಡ್ಡದು. ಹೆಣ್ಣಿಗೇಕೆ ಈ ವಿದ್ಯೆಯೆಂದು ಮಗಳ ಬಾಯಿ ಮುಚ್ಚಿಸದೆ, ಅಮೀಲಿಯಾಳ ತಾಯಿಯಂತೆ ಕೈಲಾದ ನೆರವನ್ನು ನೀಡುವುದು ಹೆತ್ತವರ ಕರ್ತವ್ಯವಾಗಿದೆ.