ರೀಮನ್ ಲೆಕ್ಕದಲ್ಲಿ ಬಿಟ್ಟುಹೋದದ್ದು

ಸಿಎಫ್‌ಡಿ ಓದುವ ನಮಗೆಲ್ಲ ರೀಮನ್ ಪ್ರಾಬ್ಲಮ್ ಗೊತ್ತು. ಕೊಳವೆಯ ನಡುವೆ ತೆಳು ಪರದೆ, ಎಡಗಡೆ ಹೆಚ್ಚು ಒತ್ತಡದ ಅನಿಲ, ಬಲಗಡೆ ಕಡಿಮೆ. ಪರದೆ ಹರಿದರೆ ಏನಾಗುತ್ತೆ? ಬಿಡಿಸ್ತೀವಿ, ಮಾರ್ಕ್ಸ್ ತಗೋತೀವಿ. ಈ ರೀಮನ್ ಯಾರು ಅಂತ ಮಾತ್ರ ಕೇಳೋದಿಲ್ಲ.

ಬರ್ನ್‌ಹಾರ್ಡ್ ರೀಮನ್ ಹುಟ್ಟಿದ್ದು 1826ರಲ್ಲಿ, ಜರ್ಮನಿಯ ಹ್ಯಾನೋವರ್ ಸೀಮೆಯ ಬ್ರೆಸೆಲೆಂಟ್ಸ್ ಹಳ್ಳಿಯಲ್ಲಿ. ತಂದೆ ಬಡ ಪಾದ್ರಿ. ಮಗ 1846ರಲ್ಲಿ ಗಾಟಿಂಗೆನ್‌ಗೆ ಹೋಗಿದ್ದೂ ಧರ್ಮಶಾಸ್ತ್ರ ಓದೋಕೆ, ಮನಸ್ಸು ಗಣಿತದಲ್ಲಿತ್ತು. ಅಪ್ಪನ ಒಪ್ಪಿಗೆ ಪಡೆದು ವಿಷಯ ಬದಲಾಯಿಸಿದರು. 1851ರಲ್ಲಿ ಡಾಕ್ಟರೇಟ್, 1859ರಲ್ಲಿ ಅಲ್ಲೇ ಪ್ರೊಫೆಸರ್.

1860ರಲ್ಲಿ ಗಾಳಿಯ ದೊಡ್ಡ ಅಲೆಗಳ ಬಗ್ಗೆ ಅವರ ಪ್ರಬಂಧ ಬಂತು. ಅಲೆಯ ದಟ್ಟ ಭಾಗ ಬೇಗ ಓಡಿ ಮುಂದಿನದನ್ನು ಹಿಡಿಯುತ್ತದೆ, ಮುಖ ಕಡಿದಾಗುತ್ತ ಕೊನೆಗೆ ಗೋಡೆಯಂತಾಗುತ್ತದೆ. ಅದೇ ಶಾಕ್. ಆ ಗೋಡೆಯ ಎರಡೂ ಬದಿ ರೀಮನ್ ದ್ರವ್ಯರಾಶಿ, ಸಂವೇಗಗಳ ಲೆಕ್ಕ ಸರಿಹೊಂದಿಸಿದರು. ಒತ್ತಡ ಮಾತ್ರ ಸಾಂದ್ರತೆಯೊಂದನ್ನೇ ಅವಲಂಬಿಸಿದೆ ಅಂತ ಹಿಡಿದರು. ಶಕ್ತಿಯ ಲೆಕ್ಕ ಅಲ್ಲಿ ಬಿಟ್ಟುಹೋಯಿತು. ನಿಜದಲ್ಲಿ ಶಾಕ್ ದಾಟಿದ ಅನಿಲದ ಎಂಟ್ರೊಪಿ ಏರುತ್ತದೆ. ಇದನ್ನು ಸರಿಪಡಿಸಿದ್ದು 1870ರಲ್ಲಿ ರಾಂಕಿನ್, ಆಮೇಲೆ ಹ್ಯುಗೋನಿಯೊ. ಅದನ್ನು ನೋಡಲು ರೀಮನ್ ಇರಲಿಲ್ಲ. ಕ್ಷಯದಿಂದ ಬಳಲಿ, 1866ರ ಜುಲೈ 20ರಂದು ಇಟಲಿಯ ಮಾಜ್ಜೋರೆ ಸರೋವರದ ದಡದಲ್ಲಿ ತೀರಿಕೊಂಡರು. ವಯಸ್ಸು 39.

ಅವರು ಎಡವಿದ ಜಾಗದಲ್ಲಿ ನಾವು ಇಂದಿಗೂ ಎಡವುತ್ತೇವೆ. ಸ್ನಿಗ್ಧತೆಯನ್ನು ಸೊನ್ನೆಯತ್ತ ಒಯ್ದರೆ ಶಾಕ್ ಬರೀ ಗೆರೆಯಾಗುತ್ತದೆ. ಸ್ನಿಗ್ಧತೆ ಹೋಗುತ್ತೆ, ಅದು ಹುಟ್ಟಿಸಿದ ಎಂಟ್ರೊಪಿ ಹೋಗಲ್ಲ. ಸಮೀಕರಣಕ್ಕೆ ಸ್ಟಿಫ್ ಸೋರ್ಸ್ ಟರ್ಮ್ ಸೇರಿದರೆ ಕಥೆ ಇನ್ನೂ ಬಿಗಿ. ಸ್ಫೋಟಕ ಅನಿಲವನ್ನೇ ನೋಡಿ: ಅನಿಲ ಹರಿಯುವ ಕಾಲದ ಮುಂದೆ ಅದು ಉರಿಯುವ ಕಾಲ ತೀರಾ ಚಿಕ್ಕದು, ಹಾಗಾಗಿ ಉರಿಯುವ ಪಟ್ಟಿಯೂ ಗೆರೆಯಷ್ಟು ತೆಳು. ನಮ್ಮ ಗ್ರಿಡ್ ಅದಕ್ಕಿಂತ ಒರಟಾಗಿದ್ದರೆ, ಕೋಡ್ ಶಾಕನ್ನು ಎರಡು ಮೂರು ಸೆಲ್‌ಗಳಿಗೆ ಹರಡಿಬಿಡುತ್ತೆ. ಮುಂದಿನ ಸೆಲ್ ಹುಸಿಯಾಗಿ ಬಿಸಿಯಾಗಿ, ಕ್ಷಣದಲ್ಲಿ ಪೂರ್ತಿ ಉರಿದುಹೋಗುತ್ತೆ. ಬೆಂಕಿ ಒಂದೊಂದು ಟೈಮ್ ಸ್ಟೆಪ್‌ಗೆ ಒಂದೊಂದು ಸೆಲ್ ಜಿಗಿಯಬಹುದು. ಆಗ ವೇಗ ನಿರ್ಧರಿಸೋದು ಅನಿಲವಲ್ಲ, ನಮ್ಮ ಗ್ರಿಡ್!

ರೀಮನ್ ಲೆಕ್ಕದಲ್ಲಿ ಶಕ್ತಿ ಬಿಟ್ಟುಹೋಗಿತ್ತು. ಇಲ್ಲಿ ದ್ರವ್ಯರಾಶಿ, ಸಂವೇಗ, ಶಕ್ತಿ ಮೂರೂ ಸರಿ, ಗ್ರಾಫ್ ಕೂಡ ಚೆಂದ, ಉತ್ತರ ಮಾತ್ರ ತಪ್ಪು. ಆದ್ದರಿಂದ ರಿಪೋರ್ಟ್ ಬರೆಯೋ ಮೊದಲು ಅಲೆಯ ವೇಗವನ್ನು ಚಾಪ್ಮನ್–ಜೂಗೆ ಕೈಲೆಕ್ಕದ ಜೊತೆ ಒಮ್ಮೆ ಹೋಲಿಸೋಣ. ರೀಮನ್‌ಗೆ ತಿದ್ದಿಕೊಳ್ಳೋ ಸಮಯ ಸಿಗಲಿಲ್ಲ, ನಮಗಿದೆ.