ಇರುಳಿಗೆಂದೇ ಉದ್ಯಾನ ರೂಪಿಸಿದ ದಿವಾನ

ಹೂದೋಟವೆಂದರೆ ಹಗಲಿನ ನೋಟ ಎಂಬುದು ಸಾಮಾನ್ಯ ತಿಳಿವಳಿಕೆ. ಸೂರ್ಯ ಮುಳುಗಿದ ಮೇಲೆ ನೋಡಬೇಕಾದ ಉದ್ಯಾನವೊಂದನ್ನು ಕನ್ನಂಬಾಡಿ ಕಟ್ಟೆಯ ಬುಡದಲ್ಲಿ ನಿರ್ಮಿಸಿ ಆ ತಿಳಿವಳಿಕೆಯನ್ನು ಬದಲಿಸಿದವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಅವರು ಜನಿಸಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅವರ ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಬಂದು ಕುದುರೆ ವ್ಯಾಪಾರದಲ್ಲಿ ಹೆಸರು ಮಾಡಿದವರು. ಬಾಲಕ ಮಿರ್ಜಾ, ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಆಯ್ಕೆಯಾದರು. ಅಂದು ಮೊಳೆತ ಸ್ನೇಹ ಮಹಾರಾಜರ ಕೊನೆಯುಸಿರಿನವರೆಗೂ ಉಳಿಯಿತು. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು ಸಂಸ್ಥಾನದ ಸೇವೆಗೆ ಸೇರಿದ ಅವರು, ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ ದುಡಿದು 1926ರಲ್ಲಿ ದಿವಾನರಾದರು.

ಆಡಳಿತವೆಂದರೆ ಕಡತಗಳ ವಿಲೇವಾರಿ ಮಾತ್ರವಲ್ಲ, ಪ್ರಜೆಗಳ ಕಣ್ಣಿಗೆ ಬೀಳುವ ಬೀದಿಯೂ ಅಂದವಾಗಿರಬೇಕು ಎಂಬುದು ಅವರ ನಿಲುವಾಗಿತ್ತು. ಬೆಳಗಿನ ಹೊತ್ತು ತಾವೇ ನಗರ ಸುತ್ತಿ ರಸ್ತೆ, ಚರಂಡಿ, ಉದ್ಯಾನಗಳ ಸ್ಥಿತಿಯನ್ನು ಪರಿಶೀಲಿಸುತ್ತಿದ್ದರು. ಈ ಕಣ್ಣಿಗೆ ಬಿದ್ದದ್ದು ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗಿನ ಬಯಲು.

ಅಣೆಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಬೃಹತ್ ಕಾಮಗಾರಿ ನಡೆದ ಜಾಗ ಹಾಳುಸುರಿಯುವುದು ಎಲ್ಲೆಡೆಯ ಅನುಭವ. ಮಿರ್ಜಾ ಅವರು ಅದನ್ನು ಹಾಗೆಯೇ ಬಿಡಲಿಲ್ಲ. 1927ರಲ್ಲಿ ಅಲ್ಲಿ ಉದ್ಯಾನ ನಿರ್ಮಾಣಕ್ಕೆ ಚಾಲನೆ ದೊರೆಯಿತು. 1932ರ ವೇಳೆಗೆ ಸುಮಾರು 60 ಎಕರೆಯ ಉದ್ಯಾನ ಸಿದ್ಧವಾಯಿತು. ವಿನ್ಯಾಸದ ಹೊಣೆ ಹೊತ್ತವರು ಲಾಲ್‌ಬಾಗ್‌ನ ಖ್ಯಾತಿಗೆ ಕಾರಣರಾದ ಜರ್ಮನ್ ತಜ್ಞ ಜಿ.ಎಚ್. ಕ್ರುಂಬಿಗಲ್.

ಇದಕ್ಕೆ ಸ್ಫೂರ್ತಿ ಕಾಶ್ಮೀರದ ಶಾಲಿಮಾರ್ ಬಾಗ್. ಮೊಗಲ್ ಬಾದಶಹ ಜಹಾಂಗೀರನು 1619ರಲ್ಲಿ ಆರಂಭಿಸಿದ ಆ ತೋಟದಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಧುಮುಕುವ ನೀರಿನ ಹಿಂದೆ ಗೋಡೆಯಲ್ಲಿ ಸಣ್ಣ ಗೂಡುಗಳಿವೆ. ಹಗಲಲ್ಲಿ ಅಲ್ಲಿ ಹೂಗಳನ್ನೂ ಇರುಳಲ್ಲಿ ದೀಪಗಳನ್ನೂ ಇಡುತ್ತಿದ್ದರು. ಎಣ್ಣೆಯ ದೀಪದ ಆ ಕಲ್ಪನೆಗೆ ಮೈಸೂರಿನಲ್ಲಿ ವಿದ್ಯುತ್ತಿನ ಬಲ ಒದಗಿತು. ಶಿವನಸಮುದ್ರದಲ್ಲಿ 1902ರಲ್ಲೇ ಜಲವಿದ್ಯುತ್ ಉತ್ಪಾದನೆ ಆರಂಭವಾಗಿತ್ತು. ಆ ಕೇಂದ್ರಕ್ಕೆ ವರ್ಷವಿಡೀ ನೀರು ಒದಗಿಸುವುದು ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು.

ಕತ್ತಲಲ್ಲಿ ಹೂವಿನ ಬಣ್ಣ ಮಾಸುತ್ತದೆ. ಎಲೆಯ ಹಸಿರು ಕಪ್ಪಾಗುತ್ತದೆ. ಆದರೆ ಚಲಿಸುವ ನೀರು ಬೆಳಕನ್ನು ಹಿಡಿದು ಚೆಲ್ಲುತ್ತದೆ. ಆದ್ದರಿಂದಲೇ ಇಲ್ಲಿ ಇರುಳಿನ ನಾಯಕತ್ವ ಗಿಡಗಳದ್ದಲ್ಲ, ಕಾರಂಜಿಗಳದ್ದು. ಜಲಾಶಯದ ನೀರು ಉದ್ಯಾನಕ್ಕಿಂತ ಎತ್ತರದಲ್ಲಿರುವುದರಿಂದ ಅದರ ಒತ್ತಡವೇ ಕಾರಂಜಿಗಳನ್ನು ಚಿಮ್ಮಿಸಿತು. ಇಳಿಜಾರಿನ ನೆಲವನ್ನು ಹಂತಗಳಾಗಿ ಕಡಿದು, ನಡುವೆ ಕಾಲುವೆ ಹರಿಸಿ, ನೀರಿಗೆ ಬಣ್ಣದ ಬೆಳಕು ಬೀಳುವಂತೆ ದೀಪಗಳನ್ನು ಜೋಡಿಸಲಾಯಿತು. ಮೊಗಲರ ತೋಟ ಮೊದಲಿಗೆ ಅರಮನೆಯವರ ವಿಲಾಸಕ್ಕೆ ಮೀಸಲಾಗಿತ್ತು. ಇದು ಸಾಮಾನ್ಯ ಪ್ರಜೆಗೂ ತೆರೆದ ತೋಟವಾಯಿತು.

ಮಿರ್ಜಾ ಅವರ ಆಡಳಿತ ಅಲಂಕಾರಕ್ಕಷ್ಟೇ ನಿಲ್ಲಲಿಲ್ಲ. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ, ಬೆಂಗಳೂರಿನ ವಿಮಾನ ಕಾರ್ಖಾನೆಗಳು ಅವರ ಅವಧಿಯಲ್ಲೇ ತಲೆಯೆತ್ತಿದವು. ಹಾಗೆಂದು ಅವರ ಆಡಳಿತವೆಲ್ಲ ಬೆಳಕೇ ಆಗಿರಲಿಲ್ಲ. ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಅವರ ಸರ್ಕಾರ ಸುಲಭವಾಗಿ ಮಣಿಯಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜಾರೋಹಣಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಉದ್ಯಾನ ನಿರ್ಮಿಸಿದ ದಿವಾನರ ಹೆಸರಿಗೆ ಆ ಕಲೆಯೂ ಅಂಟಿಕೊಂಡಿತು. ಆ ಬಳಿಕ ಸರ್ದಾರ್ ಪಟೇಲರೊಂದಿಗಿನ ಮಾತುಕತೆ ಒಪ್ಪಂದಕ್ಕೆ ದಾರಿ ಮಾಡಿತು.

1940ರಲ್ಲಿ ನಾಲ್ವಡಿ ಅವರು ನಿಧನರಾದರು. ಮರುವರ್ಷವೇ ಮಿರ್ಜಾ ದಿವಾನಗಿರಿ ತೊರೆದರು. ಮುಂದೆ ಜೈಪುರ, ಹೈದರಾಬಾದ್ ಸಂಸ್ಥಾನಗಳಲ್ಲಿ ಪ್ರಧಾನ ಮಂತ್ರಿಯಾಗಿ ಸೇವೆ ಸಲ್ಲಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ಜೈಪುರದ ಪ್ರಮುಖ ರಸ್ತೆಯೊಂದು ಇಂದಿಗೂ ಮಿರ್ಜಾ ಇಸ್ಮಾಯಿಲ್ ಅವರ ಹೆಸರಿನಲ್ಲಿದೆ. ಕಟ್ಟೆಯ ಬುಡದ ತೋಟಕ್ಕೆ ಮೊದಲಿಗೆ ದೊರೆಯ ಹೆಸರಿತ್ತು, ಬಳಿಕ ಅದು ಬೃಂದಾವನವಾಯಿತು. ದಿವಾನರ ಹೆಸರು ಅದಕ್ಕೆ ಸೇರಲಿಲ್ಲ. ಆದರೂ ಸಂಜೆಗತ್ತಲು ಕವಿಯುವ ಹೊತ್ತಿಗೆ ಪ್ರವಾಸಿಗರು ದೀಪ ಹೊತ್ತುವುದನ್ನೇ ಕಾಯುತ್ತಾ ನಿಲ್ಲುವುದು ಅಲ್ಲಿ ಈಗಲೂ ರೂಢಿ.